ಮೂರು ಪಿಕಪ್, ಮೂರು ಗಂಟು ರೊಟ್ಟಿ

ಹುಬ್ಬಳ್ಳಿ ಬಿಡುವಾಗ

ಗೋವಾಕ್ಕೆ ಹೋಗಿ ಬಂದದ್ದನ್ನು ಪರದೇಶ ಪ್ರವಾಸ ಅನ್ನಬಹುದೇ ಎಂದು ಕೇಳುವವರು ಒಮ್ಮೆ ಘಟ್ಟ ಇಳಿದು ಬರಬೇಕು. ಮಾತು ಬೇರೆ, ಬೆಳಗಿನ ತಿಂಡಿ ಬೇರೆ, ನಡು ಮಧ್ಯಾಹ್ನ ಅಂಗಡಿ ಮುಚ್ಚಿ ಮಲಗುವ ಧೈರ್ಯವೇ ಬೇರೆ. ಪಾಸ್‌ಪೋರ್ಟ್ ಕೇಳುವುದಿಲ್ಲ ಎಂಬುದೊಂದೇ ಕೊರತೆ. ನನ್ನ ಅತ್ತೆಯಂತೂ ಹೊರಡುವ ದಿನ ಬಾಗಿಲಿಗೆ ಅಡ್ಡ ನಿಂತು, "ದೇಶಾಂತರ ಹೊಂಟೀದಿ ಕಮಲಾ, ಅಲ್ಲಿ ಯಾರರ ಏನರ ಕೊಟ್ರ ಮೊದಲ ಮೂಸಿ ನೋಡು" ಎಂದು ಹೇಳಿ ಕಳಿಸಿದರು.

ನಾನು ಹೋದದ್ದು ಸಮುದ್ರ ನೋಡಲು ಅಲ್ಲ. ಹಳೆಯ ಪಿಕಪ್ ಗಾಡಿ ಕೊಳ್ಳಲು.

ನನ್ನದು ಖಡಕ್ ರೊಟ್ಟಿಯ ವ್ಯಾಪಾರ. ಒಂದು ಹಂಚು, ಹಿಟ್ಟು ನಾದುವ ಒಂದು ಕೊಣಮಿಗೆ ಇಟ್ಟುಕೊಂಡು ಶುರು ಮಾಡಿದ್ದು ಈಗ ಇಡೀ ಓಣಿಯ ಹೆಂಗಸರು ಬಂದು ತಟ್ಟುವಷ್ಟು ದೊಡ್ಡದಾಗಿದೆ. ಗೋವಾದ ವೆರ್ಣಾದಲ್ಲಿ ಕಾರ್ಖಾನೆಗಳ ಹತ್ತಿರ ನಮ್ಮ ಕಡೆಯ ಕೂಲಿಕಾರರಿಗಾಗಿ ಮೆಸ್ ನಡೆಸುವ ಸಿದ್ರಾಮಣ್ಣ ಎಂಬ ವಿಜಯಪುರದವರು ಫೋನ್ ಮಾಡಿದ್ದರು. "ನಮ್ಮ ಮಂದಿ ಪಾವ್ ತಿಂದು ತಿಂದು ಸೊರಗ್ಯಾರ್ರಿ ಅಕ್ಕಾರ. ವಾರಾ ವಾರಾ ಖಡಕ್ ರೊಟ್ಟಿ ಕಳಸ್ರಿ. ಆದ್ರ ಸೋಮವಾರದಿಂದ ಶುರು ಆಗಬೇಕು, ಸ್ವಂತ ಗಾಡಿ ಇರಬೇಕು. ಇಲ್ಲಾಂದ್ರ ಬೆಳಗಾವ್ಯಾಗ ಇನ್ನೊಬ್ರು ಕೇಳಾಕತ್ಯಾರ." ಅಂದು ಗುರುವಾರ. ಬೆಳಗಾವಿಯ ಹೆಸರು ತೆಗೆದ ಮೇಲೆ ಹುಬ್ಬಳ್ಳಿಯವರು ಸುಮ್ಮನೆ ಕೂಡುತ್ತಾರೆಯೇ?

ಗೋವಾದಲ್ಲಿ ಗಣಿಗಳು ನಿಂತ ಮೇಲೆ ಸಾಂಗೆಯ ಕಡೆ ಗಾಡಿಗಳು ಸುಮ್ಮನೆ ನಿಂತಿವೆ, ಅಗ್ಗಕ್ಕೆ ಸಿಗುತ್ತವೆ ಎಂದು ಸುದ್ದಿ ತಂದವನು ನನ್ನ ತಮ್ಮ ಮಲ್ಲೇಶಿ. ಇಪ್ಪತ್ತು ವರ್ಷದಿಂದ ಬಾಡಿಗೆ ಗಾಡಿ ಓಡಿಸುತ್ತಾನೆ. ಗಾಡಿಯ ಬಗ್ಗೆ ಅವನಿಗೆ ಎಲ್ಲ ಗೊತ್ತು, ಆದರೆ ಮೆತ್ತನೆಯ ಸೀಟು ಕಂಡರೆ ಎಲ್ಲವನ್ನೂ ಮರೆಯುತ್ತಾನೆ. ಮೂರು ಕಡೆ ಮೂರು ಬೇರೆ ಬೇರೆ ಕಂಪನಿಯ ಪಿಕಪ್‌ಗಳನ್ನು ಫೋನಿನಲ್ಲೇ ಗೊತ್ತು ಮಾಡಿದ್ದ: ಸಾಂಗೆಯಲ್ಲಿ ಒಂದು, ಕೆಪೆಯಲ್ಲಿ ಒಂದು, ಕಾಣಕೋಣದಲ್ಲಿ ಒಂದು. ಕಂಪನಿಗಳ ಹೆಸರು ಇಲ್ಲಿ ಹೇಳುವುದಿಲ್ಲ. ಹೊಗಳಿದರೆ ಅವರು ನನಗೆ ಕಮಿಷನ್ ಕೊಡುವುದಿಲ್ಲ, ತೆಗಳಿದರೆ ಮನೆಗೆ ಬರುತ್ತಾರೆ. ನಾನೇ ಇಟ್ಟ ಹೆಸರುಗಳು ಸಾಕು.

ಪಿಕಪ್ ಕೊಳ್ಳುವವರು ಇಂಜಿನ್ ನೋಡುತ್ತಾರೆ, ಟೈರ್ ಒದ್ದು ನೋಡುತ್ತಾರೆ, ಕೊನೆಗೆ ಬಣ್ಣ ಮೆಚ್ಚಿ ಕೊಳ್ಳುತ್ತಾರೆ. ನಾನು ಹಾಗಲ್ಲ. ಗಾಡಿಯಲ್ಲಿ ಕೂತು ಹೋಗುವುದು ರೊಟ್ಟಿ, ಆದ್ದರಿಂದ ರೊಟ್ಟಿಯನ್ನೇ ಕೇಳಬೇಕು. ಒಂದೇ ದಿನ ತಟ್ಟಿದ, ಒಂದೇ ಹದಕ್ಕೆ ಸುಟ್ಟ ರೊಟ್ಟಿಗಳನ್ನು ಬಿಳಿ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಮೂರು ಗಂಟು ಮಾಡಿದೆ. ಒಂದಕ್ಕೆ ಕೆಂಪು ದಾರದ ಹೊಲಿಗೆ, ಒಂದಕ್ಕೆ ಹಸಿರು, ಒಂದಕ್ಕೆ ಹಳದಿ. ಒಂದೊಂದು ಗಾಡಿಗೆ ಒಂದೊಂದು ಗಂಟು. ಉಳಿದವು ನನ್ನ ತೊಡೆಯ ಮೇಲೆ. ಪರೀಕ್ಷೆ ಎಂದರೆ ಹೀಗಿರಬೇಕು.

ಇನ್ನೊಂದು ಮಾತು. ನಮ್ಮ ಕಸುಬಿನಲ್ಲಿ ಗಂಟು ಬಿಚ್ಚಿ ನೋಡುವವರು ಹೊಸಬರು. ಬಿಚ್ಚಿದರೆ ಗಾಳಿ ಹೊಕ್ಕು ರೊಟ್ಟಿ ಕೆಡುತ್ತದೆ. ಬಲ್ಲವರು ಗಂಟನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸುತ್ತಾರೆ. ಒಡೆದ ರೊಟ್ಟಿ ಗಲಗಲ ಅನ್ನುತ್ತದೆ. ಇಡೀ ರೊಟ್ಟಿ ಗುರುಗಳ ಮುಂದೆ ಕೂತ ಹಾಗೆ ಸುಮ್ಮನಿರುತ್ತದೆ. ಸಂತೆಯಲ್ಲಿ ನಾನು ಹೀಗೆ ಅಲ್ಲಾಡಿಸಿಯೇ ಮಂದಿಯ ಬಾಯಿ ಮುಚ್ಚಿಸಿದ್ದೇನೆ.

ಘಟ್ಟದ ಕೆಳಗೆ

ಶುಕ್ರವಾರ ನಸುಕಿನ ಬಸ್ಸಿಗೆ ಹೊರಟೆವು. ಮಳೆಗಾಲ ಮುಗಿಯುತ್ತ ಬಂದಿತ್ತು. ಘಟ್ಟ ಇಳಿದು ಒಂದು ಹೋಟೆಲಿನಲ್ಲಿ ಪಾವ್, ಬಟಾಣಿಯ ಪಲ್ಯ ತಿಂದೆವು. ಮೇಜಿನ ಮೇಲಿನ ಉಪ್ಪಿನ ಡಬ್ಬಿಯಲ್ಲಿ ಉಪ್ಪಿನ ಜೊತೆ ಅಕ್ಕಿಕಾಳು! ಮಲ್ಲೇಶಿ ಪಲ್ಯಕ್ಕೆ ಉದುರಿಸಿದ, ಅಕ್ಕಿಕಾಳು ಹಲ್ಲಿಗೆ ಸಿಕ್ಕು ಕಟ್ ಅಂತು.

"ಅಕ್ಕಾ, ಇವ್ರು ಉಪ್ಪಿಗೂ ಕಲಬೆರಕಿ ಮಾಡ್ತಾರ ನೋಡು."

"ಅಕ್ಕಿ ಉಪ್ಪಿನಕಿಂತ ತುಟ್ಟಿ ಅಲ್ಲೋ ಹುಚ್ಚಾ. ಲುಕ್ಸಾನಿನ ಕಲಬೆರಕಿ ಯಾರರ ಮಾಡ್ತಾರೇನು?"

ಈ ಜನ ವ್ಯಾಪಾರದಲ್ಲಿ ಹಿಂದೆ, ಇವರ ಹತ್ತಿರ ಚೌಕಾಶಿ ಸುಲಭ ಎಂದು ನಾನು ಅಲ್ಲೇ ಲೆಕ್ಕ ಹಾಕಿಕೊಂಡೆ. ಮಲ್ಲೇಶಿ ಹೊರಗೆ ಬಂದು ಬೀಡಿ ಹಚ್ಚಲು ಹೋದ. ಅರ್ಧ ಪೊಟ್ಟಣ ಕಡ್ಡಿ ಗೀರಿದರೂ ಒಂದೂ ಹತ್ತಲಿಲ್ಲ. ಹುಬ್ಬಳ್ಳಿಯ ಅಂಗಡಿಯವನಿಗೆ ಇಲ್ಲಿಂದಲೇ ಬೈದ.

ಸಾಂಗೆ: ಗೂಳಿ

ಮೊದಲ ಗಾಡಿಯ ಯಜಮಾನರು ಕೈತಾನ್‌ಬಾಬ. ಅರವತ್ತು ದಾಟಿದ ಕ್ರಿಶ್ಚಿಯನ್ ಹಿರಿಯರು. ಗಣಿ ನಡೆಯುವಾಗ ಯಂತ್ರಗಳ ಬಿಡಿಭಾಗ ಸಾಗಿಸುತ್ತಿದ್ದರಂತೆ. ಅವರಿಗೆ ಕನ್ನಡ ಬರುತ್ತಿತ್ತು, ಆದರೆ ಕಲಿತದ್ದೆಲ್ಲ ನಮ್ಮ ಕಡೆಯ ಹಮಾಲರಿಂದ. ಹಾಗಾಗಿ ಅವರ ಹತ್ತಿರ ಇದ್ದದ್ದು ಮಾಲು ಏರಿಸುವ, ಇಳಿಸುವ ಶಬ್ದಗಳು ಮಾತ್ರ. ಅವುಗಳಲ್ಲೇ ಇಡೀ ಸಂಸಾರ ನಡೆಸುತ್ತಿದ್ದರು.

"ಯವ್ವಾ, ಬರ್ರಿ, ಇಲ್ಲಿ ಇಳೀರಿ" ಎಂದು ಕುರ್ಚಿ ತೋರಿಸಿದರು. ಚಹಾ ಬಂತು. "ಎತ್ತರಿ, ಎತ್ತರಿ." ಬಿಸ್ಕೀಟಿನ ತಟ್ಟೆ ನನ್ನ ಕಡೆ ಸರಿಸಿ, "ಇದನ್ನೂ ಒಳಗ ದಬ್ಬರಿ" ಅಂದರು. ಅವರ ಹೆಂಡತಿ ಬಾಗಿಲಲ್ಲಿ ನಿಂತು ನಗುತ್ತಿದ್ದರು.

ಗಾಡಿ ಗೂಳಿಯ ಹಾಗೆ ಅಂಗಳದ ತುಂಬ ನಿಂತಿತ್ತು. ಓದುಗರಿಗೆ ಒಂದು ಕಿವಿಮಾತು: ಹಳೆ ಗಾಡಿ ನೋಡಲು ಹೋದಾಗ ನಮಸ್ಕಾರ ಮಾಡುವ ಮೊದಲೇ ಬಾನೆಟ್ಟಿನ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಯಾರೋ ಚಾಲೂ ಮಾಡಿ ಒಲಿಸಿಟ್ಟಿದ್ದಾರೆ, ತಣ್ಣಗೆ ಹತ್ತುವುದಿಲ್ಲ ಎಂದರ್ಥ. ಗೂಳಿಯ ಬಾನೆಟ್ಟು ತಣ್ಣಗಿತ್ತು, ಕೀಲಿ ತಿರುವಿದ ಕೂಡಲೇ ಹತ್ತಿತು. ನಂಬಿಗಸ್ತ ಗಾಡಿ. ಆದರೆ ಸೀಟು? ಸರಕಾರಿ ಶಾಲೆಯ ಬೆಂಚು ಅದಕ್ಕಿಂತ ಮೆತ್ತಗೆ.

ನನ್ನ ಇನ್ನೊಂದು ಉಪಾಯ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಗಾಡಿಯನ್ನು ಅದೇ ಓಣಿಯಲ್ಲಿ ಎರಡು ಸುತ್ತು ಓಡಿಸಿ ನೋಡುವವರು ದಡ್ಡರು. ನಿಮಗೆ ಮುಂದೆ ಹೋಗಬೇಕಾದ ಊರಿನ ತನಕ ಓಡಿಸಿ ನೋಡಬೇಕು. ಸಾಂಗೆಯಿಂದ ಕೆಪೆಗೆ ಗೂಳಿಯಲ್ಲಿ, ಕೆಪೆಯಿಂದ ಕಾಣಕೋಣಕ್ಕೆ ಎರಡನೆಯದರಲ್ಲಿ, ಅಲ್ಲಿಂದ ವೆರ್ಣಾಕ್ಕೆ ಮೂರನೆಯದರಲ್ಲಿ. ಬಸ್ಸಿನ ಟಿಕೆಟ್ ಇಲ್ಲದೆ ಅರ್ಧ ಗೋವಾ ನೋಡಿದವಳು ನಾನೊಬ್ಬಳೇ ಇರಬೇಕು.

ಕೈತಾನ್‌ಬಾಬನಿಗೆ ಕೆಪೆಯಲ್ಲಿ ತಂಗಿಯ ಮನೆ ಇತ್ತು, ಖುಷಿಯಿಂದ ಜೊತೆಗೆ ಬಂದರು. ಕೆಂಪು ದಾರದ ಗಂಟು ಹಿಂದೆ. ಮಲ್ಲೇಶಿ ಊರು ದಾಟಿಸಿದ ಕೂಡಲೇ ಗೂಳಿ ಕುಣಿಯಲು ಶುರು ಮಾಡಿತು. ಒಂದೊಂದು ತಗ್ಗಿಗೆ ನಾವು ಮೂವರೂ ಒಟ್ಟಿಗೆ ಮೇಲೆದ್ದು ಒಟ್ಟಿಗೆ ಕೂಡುತ್ತಿದ್ದೆವು. ಹಿಂದೆ ನೋಡಿದರೆ ಗಂಟು ಗಾಳಿಯಲ್ಲಿತ್ತು.

ಕೆಪೆಯಲ್ಲಿ ಇಳಿದು ಗಂಟನ್ನು ಕಿವಿಗೆ ಹಿಡಿದೆ. ಗೆಜ್ಜೆ ಕಟ್ಟಿದ ಕಾಲಿನ ಹಾಗೆ ಗಲಗಲ.

"ಕೈತಾನ್‌ಬಾಬ, ಇದು ಗಾಡಿ ಅಲ್ಲ, ಹಿಟ್ಟಿನ ಗಿರಣಿ" ಅಂದೆ.

"ಖಾಲಿ ಐತಿ ಯವ್ವಾ, ಕುಣೀತೈತಿ. ಮ್ಯಾಲ ವಜ್ಜಾ ಏರಸ್ರಿ, ಸುಮ್ನ ನಿಲ್ತೈತಿ."

"ರೊಟ್ಟೀಗೆ ಎಲ್ಲಿ ವಜ್ಜಾ ತರಲಿ? ಜೊತಿಗೆ ಕಲ್ಲು ಹೇರ್ಲೇನು?"

ಆಮೇಲೆ ಸೀಟಿಗೆ ಬೈದೆ, ಬಣ್ಣಕ್ಕೆ ಬೈದೆ, ತಂತಿಯಿಂದ ಕಟ್ಟಿದ ಹಿಂಬಾಗಿಲಿಗೆ ಬೈದೆ. ಕೊಳ್ಳುವ ಮನಸ್ಸಿಲ್ಲದಿದ್ದರೂ ಅವರು ಹೇಳಿದ ರೇಟನ್ನು ಅರ್ಧಕ್ಕೆ ಕೇಳಿದೆ. ಕೈ ಅಭ್ಯಾಸ, ಬಿಡುವುದಿಲ್ಲ. ಕೈತಾನ್‌ಬಾಬ ಸಿಟ್ಟಾಗಲಿಲ್ಲ. "ಜೋರ್ ಅದೀರಿ" ಎಂದು ಮೆಚ್ಚಿ ತಲೆಯಾಡಿಸಿ ತಂಗಿಯ ಮನೆಗೆ ಊಟಕ್ಕೆ ಹೋದರು.

ಕೆಪೆ: ಮದುಮಗ

ಎರಡನೆಯ ಗಾಡಿಯ ದಲ್ಲಾಳಿ ಸುಹಾಸನ ಅಂಗಡಿ ಮುಚ್ಚಿತ್ತು. ಪಕ್ಕದ ಅಂಗಡಿಯೂ ಮುಚ್ಚಿತ್ತು. ಅದರ ಪಕ್ಕದ್ದೂ. ಬೀದಿಯಲ್ಲಿ ನಾಯಿ ಕೂಡ ಮಲಗಿತ್ತು. ಯಾರೋ ದೊಡ್ಡ ಮನುಷ್ಯರು ತೀರಿಕೊಂಡಿರಬೇಕೆಂದು ಮಲ್ಲೇಶಿ ಟೋಪಿ ತೆಗೆದು ನಿಂತ.

ಎದುರು ಮನೆಯ ಹೆಂಗಸು ಕಿಟಕಿಯ ಒಂದು ಬಾಗಿಲು ತೆರೆದು, ಹಿಂದಿಯಲ್ಲಿ, "ಎಲ್ಲರೂ ಮಲಗಿದ್ದಾರೆ, ಮೂರೂವರೆಗೆ ಏಳುತ್ತಾರೆ" ಎಂದಳು. ನಮ್ಮ ಮುಖ ನೋಡಿ ಎರಡು ಲೋಟ ಕೋಕಂ ಶರಬತ್ತು ಕೊಟ್ಟು, ತಾನೂ ಮಲಗಬೇಕೆಂದು ಕಿಟಕಿ ಮುಚ್ಚಿಕೊಂಡಳು. ಹುಬ್ಬಳ್ಳಿಯಲ್ಲಿ ಅಂಗಡಿಯವನ ಮದುವೆ ನಡೆಯುತ್ತಿದ್ದರೂ ಅರ್ಧ ಶಟರ್ ತೆರೆದಿರುತ್ತದೆ. ಇಲ್ಲಿ ಗಿರಾಕಿ ಮೆಟ್ಟಿಲ ಮೇಲೆ ಕೂತು ಕಾಯುತ್ತಾನೆ, ಅಂಗಡಿ ಗೊರಕೆ ಹೊಡೆಯುತ್ತದೆ. ಆದರೂ ಒಂದು ಮಾತು ಒಪ್ಪಬೇಕು: ಊರಿಗೆ ಊರೇ ಒಟ್ಟಿಗೆ ಮಲಗಿದರೆ ಯಾರ ಗಿರಾಕಿಯೂ ಯಾರ ಕಡೆಗೂ ಹೋಗುವುದಿಲ್ಲ. ಇದು ಯೋಚನೆ ಮಾಡಿ ಮಾಡಿದ ನಿದ್ದೆ.

ನಾವು ಮೆಟ್ಟಿಲ ಮೇಲೆ ಬೆವರುತ್ತ ಕೂತೆವು. ಗಂಟುಗಳೂ ನಮ್ಮ ಪಕ್ಕದಲ್ಲೇ ಕೂತವು. ಬಿಸಿಲಿತ್ತು, ಆದರೆ ಒದ್ದೆ ಬಟ್ಟೆ ಹೊದ್ದ ಹಾಗೆ ಗಾಳಿ. ಮುಖ ಒರೆಸಿಕೊಂಡ ಸೆರಗು ಎಷ್ಟು ಹೊತ್ತಾದರೂ ಒಣಗಲಿಲ್ಲ.

ಸುಹಾಸ ಎದ್ದು ಬಂದ. ಗಾಡಿ ಅವನಿಗಿಂತ ಮೊದಲೇ ಎದ್ದಿತ್ತು. ಬಾನೆಟ್ಟು ಬೆಚ್ಚಗೆ.

"ಬಿಸಿಲಿಗೆ ಕಾದಿದೆ, ಬಾಯಿ" ಅಂದ.

"ಗಾಡಿ ಹಲಸಿನ ಗಿಡದ ಕೆಳಗೈತೆಲ್ಲೋ ತಮ್ಮಾ. ನೆರಳೂ ನಿಮ್ಮೂರಾಗ ಕಾಯ್ತೈತೇನು?"

ಆದರೆ ಮಲ್ಲೇಶಿ ಆಗಲೇ ಒಳಗೆ ಕೂತು ಕಣ್ಣು ಮುಚ್ಚಿದ್ದ. ಮಖಮಲ್ಲಿನ ಸೀಟು, ಕಿಟಕಿಗೆ ಜಾಲರಿಯ ಪರದೆ, ಎ.ಸಿ., ನೀಲಿ ದೀಪ, ಹಾಡಿನ ಡಬ್ಬಿ. ಗಾಡಿಗೆ ಬಾಸಿಂಗವೊಂದು ಕಟ್ಟುವುದು ಬಾಕಿ. "ಅಕ್ಕಾ, ಸೊಂಟಕ್ಕ ಯಾರೋ ಎಣ್ಣಿ ಹಚ್ಚಿಧಂಗ ಆಗಾಕತ್ತೈತಿ" ಎಂದು ಗೊಣಗಿದ.

ಕರಮಲ ಘಾಟ್

ಹಸಿರು ದಾರದ ಗಂಟು ಹಿಂದಿಟ್ಟು ಕಾಣಕೋಣದ ಕಡೆ ಹೊರಟೆವು. ಸುಹಾಸ ನಡುವೆ ಕೂತು ಗಾಡಿಯ ಗುಣಗಾನ ಮಾಡುತ್ತಿದ್ದ. ಏರು ಶುರುವಾಯಿತು. ಎರಡನೆಯ ತಿರುವಿನಲ್ಲಿ ಮದುಮಗ ಒಮ್ಮೆ ಸೀನಿ ನಿಂತ. ಎ.ಸಿ. ನಡೆಯುತ್ತಿತ್ತು, ಹಾಡು ನಡೆಯುತ್ತಿತ್ತು, ನೀಲಿ ದೀಪ ಉರಿಯುತ್ತಿತ್ತು. ಗಾಡಿ ಮಾತ್ರ ನಡೆಯಲಿಲ್ಲ.

"ಇಳೀರಿ, ದಬ್ಬೂಣು" ಅಂದೆ.

"ನಾ ಸ್ಟೇರಿಂಗ್ ಹಿಡೀಬೇಕಲ್ಲಕ್ಕಾ" ಎಂದ ಮಲ್ಲೇಶಿ ಎ.ಸಿ.ಯನ್ನು ಇನ್ನಷ್ಟು ಜೋರು ಮಾಡಿಕೊಂಡ.

ನಾನು, ಸುಹಾಸ ದಬ್ಬಿದೆವು. ಮದುಮಗ ಜಗ್ಗಲಿಲ್ಲ. ಬಾಡಿಗೆ ಸ್ಕೂಟರಿನಲ್ಲಿ ಬಂದ ಮೂವರು ದಿಲ್ಲಿಯ ಹುಡುಗರು ನಿಂತು ಮೊದಲು ನಮ್ಮ ಫೋಟೋ ತೆಗೆದರು, ಆಮೇಲೆ ಕೈ ಹಚ್ಚಿದರು. ಸುಹಾಸ ಅವರಿಗೆ, "ಬಣ್ಣದ ಮೇಲೆ ಬೆರಳಿನ ಗುರುತು ಬೀಳಬಾರದು, ಅಂಗೈಯಿಂದ ದಬ್ಬಿ" ಎಂದು ಪಾಠ ಮಾಡಿದ. ಹಾಗೂ ಹೀಗೂ ಗಾಡಿ ಹತ್ತಿ, ನೆತ್ತಿ ದಾಟಿ, ಇಳಿಜಾರಿನಲ್ಲಿ ತಾನೇ ಬಲಶಾಲಿ ಎಂಬಂತೆ ಓಡಿತು. ಇಳಿಜಾರಿನಲ್ಲಿ ಎಲ್ಲ ಕಂಪನಿಗಳೂ ಒಳ್ಳೆಯವೇ.

ಹಸಿರು ಗಂಟನ್ನು ಅಲ್ಲಾಡಿಸಿದೆ. ಗಲಗಲ ಅನ್ನಲಿಲ್ಲ, ಸುಮ್ಮನೂ ಇರಲಿಲ್ಲ. ನೆಗಡಿ ಬಂದವರು ಮಾತಾಡಿದ ಹಾಗೆ ಒಂದು ಅರ್ಧ ದನಿ. ಸೀಟಿಗೆ ನೂರಕ್ಕೆ ನೂರು, ರೊಟ್ಟಿಗೆ ಐವತ್ತು, ನಂಬಿಕೆಗೆ ಸೊನ್ನೆ ಎಂದು ತೀರ್ಪು ಕೊಟ್ಟೆ. ಮಲ್ಲೇಶಿ ಸೀಟನ್ನು ಒಮ್ಮೆ ಸವರಿ ಕೆಳಗಿಳಿದ.

ಕಾಣಕೋಣ: ಮತ್ಸ್ಯಗಂಧಿ

ಮೂರನೆಯ ಗಾಡಿ ಪ್ರೇಮಾಬಾಯಿಯವರದು. ಕಾರವಾರದ ತವರು, ಕಾಣಕೋಣದ ಗಂಡನ ಮನೆ, ಮೀನಿನ ವ್ಯಾಪಾರ. ಹೊಸ ದೊಡ್ಡ ಗಾಡಿ ಕೊಂಡು ಇದನ್ನು ಮಾರುತ್ತಿದ್ದರು. ಗಾಡಿ ಇರುವ ಜಾಗವನ್ನು ಯಾರೂ ತೋರಿಸಬೇಕಾಗಲಿಲ್ಲ, ಮೂಗೇ ಕರೆದುಕೊಂಡು ಹೋಯಿತು. ಅತ್ತೆಯ ಮಾತು ನಡೆಸಿ ಮೂಸಿ ನೋಡಿದೆ, ಕಣ್ಣಲ್ಲಿ ನೀರು ಬಂತು.

"ತೊಳ್ದಿದೇನೆ ಅಕ್ಕೋರೆ, ಲಿಂಬು ಹಾಕಿ ಉಜ್ಜಿದೇನೆ" ಅಂದರು ಪ್ರೇಮಾಬಾಯಿ.

"ಈಗ ಲಿಂಬು ಹಿಂಡಿದ ಮೀನಿನ ವಾಸನಿ ಬರಾಕತ್ತೈತ್ರಿ."

ಕರಾವಳಿಯ ಗಾಡಿ ಕೊಳ್ಳುವವರು ನಾಣ್ಯದಿಂದ ಗಾಡಿಯ ಅಡಿಯನ್ನು ಬಡಿದು ನೋಡಬೇಕು. ಠಣ್ ಅಂದರೆ ಕಬ್ಬಿಣ, ದಬ್ ಅಂದರೆ ತುಕ್ಕು. ಇದು ಮೂರು ಕಡೆ ದಬ್ ಅಂತು. ಆದರೆ ಇಂಜಿನ್ ಚೊಕ್ಕ, ಸೀಟು ನಡುತರ. ನಾವಿಬ್ಬರೂ ರೇಟು ಹಿಡಿದು ಜಗ್ಗಾಡಿದೆವು. ಎದುರಾಳಿ ಸಮಬಲದವರು. ಇಬ್ಬರೂ ಒಂದೇ ಸಲ "ಬ್ಯಾಡ ಬಿಡ್ರಿ" ಎಂದು ಸಿಟ್ಟಿನಿಂದ ಎದ್ದು ಹೊರಟೆವು. ನೋಡಿದರೆ ಇಬ್ಬರೂ ಹೊರಟದ್ದು ಗಾಡಿಯ ಕಡೆಗೇ. ಅಲ್ಲಿ ನಿಂತು ನಕ್ಕೆವು. ವೆರ್ಣಾದ ಹತ್ತಿರ ಅವರ ಮಗಳ ಮನೆ. ಅಲ್ಲಿಯ ತನಕ ಓಡಿಸುವುದು, ಗಂಟು ಸುಮ್ಮನಿದ್ದರೆ ಅವರ ರೇಟು, ಸದ್ದು ಮಾಡಿದರೆ ನನ್ನದು ಎಂದು ಮಾತಾಯಿತು.

ಸಮುದ್ರದ ಗಾಳಿ ಬೀಸುತ್ತಿತ್ತು. ಹಳದಿ ದಾರದ ಗಂಟು ಹಿಂದೆ. ಮೊದಲ ಹಂಪ್ ದಾಟಿದ ಮೇಲೆ ನಿಲ್ಲಿಸಿ ಅಲ್ಲಾಡಿಸಿದೆ: ಸದ್ದಿಲ್ಲ. ತಗ್ಗುಗಳ ರಸ್ತೆ ದಾಟಿದ ಮೇಲೆ ಅಲ್ಲಾಡಿಸಿದೆ: ಸದ್ದಿಲ್ಲ. ಮಲ್ಲೇಶಿ ಬೇಕೆಂದೇ ಒಂದು ಗುಂಡಿಯಲ್ಲಿ ಹಾರಿಸಿದ. ನನ್ನ ತಲೆ ಮೇಲಕ್ಕೆ ಬಡಿಯಿತು, ಪ್ರೇಮಾಬಾಯಿಯ ತುರುಬಿನ ಹೂ ಉದುರಿತು. ಗಂಟು ಮೌನ.

"ನೋಡಿದ್ರಾ!" ಎಂದರು ಪ್ರೇಮಾಬಾಯಿ, ತಮಗೇ ಆಶ್ಚರ್ಯವಾಗಿ. "ನನ್ನ ಬಂಗಡೆ ಮೀನೆಲ್ಲ ಜಜ್ಜಿ ಹೋಗ್ತಿತ್ತು ಮಾರಾಯ್ತಿ, ನಿಮ್ಮ ರೊಟ್ಟಿಗೆ ಎಂತ ಮರ್ಯಾದೆ ಕೊಡ್ತದೆ!"

ಅವರ ರೇಟಿಗೆ ಕೈ ಕುಲುಕಿದೆ. ಮನಸ್ಸಿನಲ್ಲಿ ಆಗಲೇ ವಾಸನೆಗೆ ಉಪಾಯ ಹುಡುಕುತ್ತಿದ್ದೆ. ಊದುಬತ್ತಿ ಹಚ್ಚಬೇಕೋ, ಸಗಣಿ ಸಾರಿಸಬೇಕೋ.

ವೆರ್ಣಾ

ಕಂಪನಿ ಬಸ್ಸುಗಳು ಬಂದು ಹೋಗುವ ಹೊತ್ತು. ಸಿದ್ರಾಮಣ್ಣನ ಮೆಸ್ಸಿನಲ್ಲಿ ಪಾಳಿ ಮುಗಿಸಿದ, ಪಾಳಿಗೆ ಹೊರಟ ಮಂದಿ ಕೈ ತೊಳೆದು ಕಾಯುತ್ತಿದ್ದರು. ನಾನು ಫೋನಿನಲ್ಲಿ ಹೇಳಿದ್ದ ಮಾದರಿ ರೊಟ್ಟಿ ಬರುತ್ತದೆಂದು ಯಾರೂ ಪಾವ್ ಮುಟ್ಟಿರಲಿಲ್ಲ. ಸಿದ್ರಾಮಣ್ಣ ನೆಲದ ಮೇಲೆ ಚಕ್ಕಳಮಕ್ಕಳ ಕೂತು ಮುಂದೆ ಶೇಂಗಾ ಹಿಂಡಿ, ಮೊಸರು, ಜಜ್ಜಿದ ಉಳ್ಳಾಗಡ್ಡಿ ಇಟ್ಟುಕೊಂಡಿದ್ದರು.

"ಮೂರು ಗಾಡಿ ಪರೀಕ್ಷಾ ಮಾಡಿ ಬಂದೇನ್ರಿ ಅಣ್ಣಾರ. ಗೆದ್ದ ಗಂಟು ಇದು" ಎಂದು ಎಲ್ಲರಿಗೂ ಕಾಣುವ ಹಾಗೆ ಹಳದಿ ದಾರ ಕತ್ತರಿಸಿದೆ.

ಒಂದೂ ಒಡೆದಿರಲಿಲ್ಲ. ಸಿದ್ರಾಮಣ್ಣ ಮೇಲಿನ ರೊಟ್ಟಿಯ ಅಂಚು ಹಿಡಿದು ಎತ್ತಿದರು. ರೊಟ್ಟಿ ಎರಡೂ ಕಡೆ ಜೋತು ಬಿತ್ತು. ಇನ್ನೊಂದು ಎತ್ತಿದರು. ಅದೂ ಜೋತು ಬಿತ್ತು. ನಾನು ಕೆಳಗಿನದನ್ನು ಎಳೆದು ಮುರಿಯಲು ನೋಡಿದೆ. ಅದು ಮಡಚಿಕೊಂಡಿತು.

"ಅಕ್ಕಾರ," ಹಿಂದಿನಿಂದ ಒಬ್ಬ ಕೇಳಿದ, "ಇದನ್ನ ತಿನ್ನಬೇಕೋ, ಹೆಗಲ ಮ್ಯಾಲ ಹಾಕ್ಕೋಬೇಕೋ?"

"ಒಯ್ದು ಹಾಸ್ಕೊಂಡು ಮಲ್ಕೊಳ್ಳೋ, ರಾತ್ರಿ ಪಾಳಿ ಐತಿ ನಿಂದು" ಅಂದ ಇನ್ನೊಬ್ಬ. ಇಡೀ ಮೆಸ್ಸು ಬಿದ್ದು ಬಿದ್ದು ನಕ್ಕಿತು.

ಆಗ ನನಗೆ ಉಪ್ಪಿನಲ್ಲಿ ಅಕ್ಕಿ ಯಾಕೆ ಎಂಬುದು ತಿಳಿಯಿತು. ಹತ್ತದ ಕಡ್ಡಿ, ಒಣಗದ ಸೆರಗು ಎಲ್ಲ ಒಟ್ಟಿಗೆ ನೆನಪಾದವು. ಗೋವಾದ ಒದ್ದೆ ಗಾಳಿ ಬಟ್ಟೆಯ ಹೊಲಿಗೆ ಬಿಚ್ಚದೆಯೇ ಒಳಗೆ ಹೋಗಿ ಬಂದಿತ್ತು. ಬೆಳಿಗ್ಗೆ ಗೂಳಿಯಲ್ಲಿ ರೊಟ್ಟಿ ಗಟ್ಟಿ ಇತ್ತು, ಒಡೆದು ಗಲಗಲ ಅಂತು. ಮಧ್ಯಾಹ್ನ ಅರ್ಧ ಮೆತ್ತಗಾಗಿ ಅರ್ಧ ದನಿ ತೆಗೆಯಿತು. ಸಂಜೆ ಒಡೆಯಲು ಶಕ್ತಿಯೇ ಉಳಿದಿರಲಿಲ್ಲ. ನಾನು ಗಾಡಿಗಳನ್ನು ಪರೀಕ್ಷೆ ಮಾಡಿರಲಿಲ್ಲ, ಹವೆಯನ್ನು ಪರೀಕ್ಷೆ ಮಾಡಿದ್ದೆ.

ಪ್ರೇಮಾಬಾಯಿ ಬಂದು ರೊಟ್ಟಿಯನ್ನು ಬೆರಳಿನಿಂದ ಒತ್ತಿದರು. "ಮೀನಾದ್ರೂ ಒತ್ತಿ ನೋಡಿ ತಕೊಳ್ತಾರೆ ಅಕ್ಕೋರೆ. ನೀವು ಅಲ್ಲಾಡ್ಸಿ ಕಿವಿ ಕೊಟ್ರಾ?" ಎಂದು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿ, "ಕೈ ಕುಲುಕಿದ್ದು ವಾಪಸ್ ತಕೊಳ್ಳಿ. ಈ ಮಾರ್ಕು ನನ್ನ ಗಾಡಿದಲ್ಲ, ಗಾಳಿದು" ಅಂದರು. ವ್ಯಾಪಾರದಲ್ಲಿ ಇಂಥ ಮಾತು ಕೇಳಿದ್ದು ನನ್ನ ಜನ್ಮದಲ್ಲಿ ಮೊದಲು.

ಸಿದ್ರಾಮಣ್ಣ ಮಾತ್ರ ನಗಲಿಲ್ಲ. "ಖಡಕ್ ಅಂದ್ರ ಕಟುಮ್ ಅನ್ನಬೇಕ್ರಿ. ಇದು ಆಗೂದಿಲ್ಲ. ನಾ ಬೆಳಗಾವ್ಯಾವ್ರಿಗೆ ಫೋನ್ ಮಾಡ್ತೀನಿ."

ಅದೇ ಹೊತ್ತಿಗೆ ನನ್ನ ಫೋನ್ ಸದ್ದು ಮಾಡಿತು. ಹುಬ್ಬಳ್ಳಿಯ ನಮ್ಮ ರೊಟ್ಟಿ ಕೇಂದ್ರದಿಂದ, ರೊಟ್ಟಿ ತಟ್ಟುವ ನೀಲವ್ವ. "ಅಕ್ಕಾರ, ಆತೇನ್ರಿ? ಎಲ್ಲಾರೂ ಇಲ್ಲೇ ಕುಂತಾರ, ಯಾರೂ ಮನೀಗೆ ಹೋಗವಲ್ರು." ಹಿಂದಿನಿಂದ ಹತ್ತಾರು ಹೆಂಗಸರ ಗದ್ದಲ. ಈ ಕೆಲಸ ಬರುತ್ತದೆಂದು ಆಗಲೇ ಮೂವರು ಬೇರೆಯವರ ಮನೆಗೆಲಸ ಬಿಟ್ಟು ಬಂದಿದ್ದರು. "ಆಗಾಕತ್ತೈತಿ, ಇಡು" ಎಂದು ಕತ್ತರಿಸಿದೆ.

ಮೂಲೆಯಲ್ಲಿ ಯಮನಪ್ಪ ಎಂಬ ವಯಸ್ಸಾದವರೊಬ್ಬರು ಸದ್ದಿಲ್ಲದೆ ಎರಡು ರೊಟ್ಟಿ ಮುಗಿಸಿ ಮೂರನೆಯದಕ್ಕೆ ಕೈ ಹಾಕಿದ್ದರು. ಬಾಯಲ್ಲಿ ಹಲ್ಲು ಅಲ್ಲೊಂದು ಇಲ್ಲೊಂದು. "ನನಗ ಇದ ಚಲೋ ಆತ್ರಿ" ಅಂದರು. "ಜರಾ ಬಿಸಿ ಇದ್ರ ಕೇಳೂದ ಬ್ಯಾಡ."

ಬಿಸಿ! ನಾನು ಆ ಶಬ್ದವನ್ನು ಹಿಡಿದುಕೊಂಡೆ.

"ಸಿದ್ರಾಮಣ್ಣಾರ, ಬೆಳಗಾವಿ ರೊಟ್ಟಿ ಬಂದ್ರೂ ಈ ಗಾಳಿಗೆ ಹಿಂಗ ಆಗ್ತೈತಿ. ಖರೇ ಹೇಳ್ರಿ, ಖಡಕ್ ರೊಟ್ಟಿ ಮನ್ಯಾಗ ಯಾವಾಗ ತಿಂತೀರಿ? ಬಿಸಿ ರೊಟ್ಟಿ ಇಲ್ಲದಾಗ. ನಾ ಹಿಟ್ಟು ತರ್ತೀನಿ, ಹಂಚು ತರ್ತೀನಿ, ನಮ್ಮ ಹೆಣಮಕ್ಕಳನ್ನ ಪಾಳಿ ಹಚ್ಚಿ ಕರಕೊಂಡು ಬರ್ತೀನಿ. ನಿಮ್ಮ ಮಂದಿ ಕುಂತಲ್ಲೇ ಬಿಸಿ ರೊಟ್ಟಿ, ಉಬ್ಬಿದ್ದು, ಮ್ಯಾಲ ಬೆಣ್ಣಿ."

ಬೆಣ್ಣೆ ಅಂದದ್ದು ಬಾಯಿ ತಪ್ಪಿ. ಖರ್ಚಿನ ಲೆಕ್ಕ ಹಾಕುವ ಮೊದಲೇ ಇಡೀ ಮೆಸ್ಸು "ಆತ್ರಿ! ಆತ್ರಿ!" ಎಂದು ಕೂಗಿತು. ಸಿದ್ರಾಮಣ್ಣ ಹಿಂಡಿಯನ್ನು ಒಮ್ಮೆ, ತಮ್ಮ ಮಂದಿಯನ್ನು ಒಮ್ಮೆ ನೋಡಿದರು. "ಸೋಮವಾರ ಮುಂಜಾನೆ ಒಲಿ ಹತ್ತಿರಬೇಕು. ಹತ್ತಲಿಲ್ಲಾಂದ್ರ ಬೆಳಗಾವಿ."

ಹೊರಗೆ ಬಂದು ಮಲ್ಲೇಶಿ ಲೆಕ್ಕ ಹಾಕಿದ. ವಾರದ ಹಿಟ್ಟಿನ ಚೀಲ, ಕಬ್ಬಿಣದ ಹಂಚು, ಕೊಣಮಿಗೆ, ಒಲೆ, ಹೆಂಗಸರ ಸಾಮಾನು. ಹೂವಿನಂಥ ರೊಟ್ಟಿ ಹೋಗಿ ಈಗ ಹೊರಬೇಕಾದದ್ದು ಗುಡ್ಡ. ಮತ್ಸ್ಯಗಂಧಿಯ ತುಕ್ಕು ತಳ ತಡೆಯುವುದಿಲ್ಲ, ಹಿಟ್ಟಿಗೆ ಮೀನಿನ ವಾಸನೆ ಹತ್ತಿದರೆ ಇದೇ ಮೆಸ್ಸಿನಲ್ಲಿ ನನ್ನನ್ನು ಹುರಿಯುತ್ತಾರೆ. ಮದುಮಗನಿಗೆ ತನ್ನನ್ನು ಹೊರುವುದೇ ಕಷ್ಟ.

"ಹಂಗಾದ್ರ ಗೂಳೀನ" ಎಂದು ಮಲ್ಲೇಶಿ ಸೊಂಟ ಸವರಿಕೊಂಡ.

ಮತ್ತೆ ಸಾಂಗೆ

ಶನಿವಾರ ಟಿಕೆಟ್ ತೆಗೆಸಿ ಬಸ್ಸಿನಲ್ಲಿ ಹೋದೆವು. ಕೈತಾನ್‌ಬಾಬ ಅಂಗಳದಲ್ಲೇ ಇದ್ದರು. ಅವರು ಮಧ್ಯಾಹ್ನ ಮಲಗಿಬಿಟ್ಟರೆ ನನ್ನ ಸೋಮವಾರವೂ ಮಲಗುತ್ತದೆ. ಹೊತ್ತು ಕಳೆಯಬಾರದೆಂದು ನೇರವಾಗಿ ಹೇಳಿದೆ:

"ಕೈತಾನ್‌ಬಾಬ, ನಿಮ್ಮ ಗಾಡಿ ತಗೋತೀನಿ. ನೀವು ನಿನ್ನೆ ಹೇಳಿದ್ದ ರೇಟ್, ಮಾತಿಲ್ಲ."

ಅವರ ಮುಖ ಬಿಳಚಿಕೊಂಡಿತು. ಎದ್ದು ಗೂಳಿಯ ಸುತ್ತ ಒಂದು ಸುತ್ತು ಬಂದರು. ಬಗ್ಗಿ ಕೆಳಗೆ ನೋಡಿದರು. ಬಾನೆಟ್ ತೆರೆದು ನೋಡಿದರು. ಹೆಂಡತಿಯನ್ನು ಕರೆದು ಕೊಂಕಣಿಯಲ್ಲಿ ಏನೋ ಪಿಸುಗುಟ್ಟಿದರು. ಇಬ್ಬರೂ ನನ್ನನ್ನು ಕಳ್ಳಿಯನ್ನು ನೋಡುವ ಹಾಗೆ ನೋಡಿದರು.

"ನಾಕಾ" ಅಂದರು ಕೈತಾನ್‌ಬಾಬ. ಬೇಡ ಎಂದು. "ಗಾಡಿ ಕೊಡೂದಿಲ್ಲ. ನಿನ್ನಿ ಅಷ್ಟು ಬೈದ್ರಿ, ಇವತ್ತು ಪೂರಾ ರೇಟ್? ಗಾಡ್ಯಾಗ ಏನರ ಐತಿ. ನಿಮಗ ಗೊತ್ತಾಗೈತಿ, ನನಗ ಗೊತ್ತಿಲ್ಲ."

ನಾನು ಆಣೆ ಮಾಡಿದೆ. ರೊಟ್ಟಿಯ ಕಥೆ ಪೂರ್ತಿ ಹೇಳಿದೆ. ಹೇಳಿದಷ್ಟೂ ಅನುಮಾನ ಹೆಚ್ಚಿತು. ಗಾಳಿಗೆ ರೊಟ್ಟಿ ಮೆತ್ತಗಾಯಿತು, ಅದಕ್ಕೆ ಗಾಡಿ ಬೇಕು ಎಂಬ ಮಾತನ್ನು ಅವರ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಅವರ ಹೆಂಡತಿ ಕೀಲಿಯನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. ನನ್ನ ಸೋಮವಾರ ಆ ಸೊಂಟದಲ್ಲಿ ನೇತಾಡುತ್ತಿತ್ತು.

ಮಲ್ಲೇಶಿ ನನ್ನ ಮೊಣಕೈ ತಿವಿದ. "ಅಕ್ಕಾ, ಬೈಯಿ."

"ಏನಂದಿ?"

"ಗಾಡೀಗೆ ಬೈಯಿ. ನಿನ್ನಿಗಿಂತ ಜೋರ್ ಬೈಯಿ."

ಮೂವತ್ತು ವರ್ಷದ ಅನುಭವ ನೆರವಿಗೆ ಬಂತು. "ಏನ್ರಿ ಇದು, ಹಿಂಬಾಗಿಲಿಗೆ ತಂತಿ? ಎಮ್ಮಿ ಕಟ್ಟಿದ್ರೇನು?" ಎಂದು ಶುರು ಮಾಡಿದೆ. "ಸೀಟ್ ಮ್ಯಾಲ ಕುಂತು ನಮ್ಮ ತಮ್ಮಗ ರಾತ್ರಿ ನಿದ್ದಿ ಇಲ್ಲ. ಬಣ್ಣ ನೋಡಿದ್ರ ಕಜ್ಜಿ ನಾಯಿ ನೆನಪಾಗ್ತೈತಿ. ಇದಕ್ಕ ಅರ್ಧ ರೇಟ್ ಕೊಟ್ರೂ ನಮ್ಮ ಅತ್ತಿ ನನ್ನ ಒಳಗ ಕರಕೊಳ್ಳೂದಿಲ್ಲ!"

ಕೈತಾನ್‌ಬಾಬನ ಕೆನ್ನೆಗೆ ರಕ್ತ ಮರಳಿತು. ಕುರ್ಚಿ ಎಳೆದುಕೊಂಡು ಕೂತರು. "ಹಾಂ, ಈಗ ಎತ್ತರಿ!" ಎಂದು ಹೆಂಡತಿಗೆ ಚಹಾ ತರಲು ಹೇಳಿದರು. ಅವರು ಗಾಡಿಯನ್ನು ಹೊಗಳಿದರು, ನಾನು ತೆಗಳಿದೆ. ಅವರು ಇಳಿದರು, ನಾನು ಏರಿದೆ. ಕೊನೆಗೆ ಅವರೇ ಖುಷಿಯಲ್ಲಿ ಮೈಮರೆತು, "ಇಷ್ಟು ನೋಡಿದ್ರಿ, ಹಾರ್ನ್ ಬಾರಿಸಿ ನೋಡಲೇ ಇಲ್ಲ! ಹಾರ್ನ್ ಇಲ್ಲ ಯವ್ವಾ, ಅದಕ್ಕೂ ಇಳಸ್ರಿ!" ಎಂದು ತಾವೇ ರೇಟು ಇಳಿಸಿದರು. ಕೀಲಿ ಸೊಂಟದಿಂದ ನನ್ನ ಕೈಗೆ ಬಂತು. ಹೆಸರು ಬದಲಿಸುವ ಕಾಗದಪತ್ರಕ್ಕೆ ಇನ್ನೊಮ್ಮೆ ಬರುವುದೆಂದು ಮಾತಾಯಿತು.

ಹಾರ್ನ್ ಹಾಕಿಸಲು ನಿಲ್ಲಲಿಲ್ಲ. ಹುಬ್ಬಳ್ಳಿಯಲ್ಲಿ ಅದೇ ಕೆಲಸ ಅಗ್ಗ. ಅಲ್ಲದೆ ಮನೆ ಮುಟ್ಟಿ, ಹಿಟ್ಟು ಬೀಸಿಸಿ, ಭಾನುವಾರವೇ ಮತ್ತೆ ಇಳಿಯಬೇಕಿತ್ತು. ಆದರೆ ಹಾರ್ನ್ ಇಲ್ಲದೆ ಅನಮೋಡ ಘಟ್ಟ ಹತ್ತುವುದೆಂದರೆ ಹುಡುಗಾಟವಲ್ಲ. ಮೊದಲ ತಿರುವಿನಲ್ಲೇ ಮಲ್ಲೇಶಿ ಕಿಟಕಿಯಿಂದ ತಲೆ ಹೊರಹಾಕಿ, "ಬಂದೇವ್ರಿ! ಸರೀರಿ!" ಎಂದು ಕೂಗಿದ. ಎರಡನೆಯ ತಿರುವಿಗೆ ಎಡಗಡೆಯ ಕಿಟಕಿಯಿಂದ ನಾನೂ ದನಿ ಕೂಡಿಸಿದೆ. ಸಂತೆಯಲ್ಲಿ ಪಳಗಿದ ಗಂಟಲು, ಕಾಡೆಲ್ಲ ಕೇಳಿಸಿತು. ಮಂಗಗಳು ದಾರಿ ಬಿಟ್ಟವು. ಕಾರಿನವರು ಹೆದರಿ ಪಕ್ಕಕ್ಕೆ ಸರಿದರು.

ನೆತ್ತಿಯ ಹತ್ತಿರದ ತಿರುವಿನಲ್ಲಿ ನಮ್ಮ ಕಡೆಯ ಲಾರಿಯೊಂದು ಇಳಿದು ಬರುತ್ತಿತ್ತು. ನಾವಿಬ್ಬರೂ ಒಟ್ಟಿಗೆ, "ಬಂದೇವ್ರಿ!" ಎಂದೆವು. ಡ್ರೈವರ್ ಹಾರ್ನಿನ ಕಡೆ ಒಯ್ದಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಲಾರಿ ನಿಲ್ಲಿಸಿ, ತಾನೂ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, ಮದುವೆ ಮನೆಯ ಬಾಗಿಲಲ್ಲಿ ನಿಂತವನ ಹಾಗೆ ಕೈ ಬೀಸಿದ.

"ಬರ್ರಿ, ಬರ್ರಿ, ಆರಾಮ ಬರ್ರಿ!"